ತೊಟ್ಟಿಲು ಶಾಸ್ತ್ರಕ್ಕೆ ಛತ್ರ ಯಾಕೆ?

ಮೈಸೂರಿನ ಯಾದವಗಿರಿಯ ನಮ್ಮ ಮನೆಯ ಹಾಲಿನಲ್ಲಿ ಒತ್ತಿ ಕೂತರೆ 40 ಜನ. ಮೊಮ್ಮಗಳ ನಾಮಕರಣಕ್ಕೆ ಅಷ್ಟೇ ಸಾಕು ಎಂದೆ. ಮಗ ಛತ್ರ, ಬಲೂನಿನ ಕಮಾನು, ವಿಡಿಯೋದವರು ಎಂದು ಪಟ್ಟಿ ಹಿಡಿದಿದ್ದ. "ಜನ ಏನಂದ್ಕೊಳ್ತಾರಮ್ಮ?" "ಊಟ ಚೆನ್ನಾಗಿದ್ರೆ ಏನೂ ಅಂದ್ಕೊಳಲ್ಲ ಕಣೋ."

ಖರ್ಚು ಏರುವುದೇ ಎಲೆ ಲೆಕ್ಕದಲ್ಲಿ. ಶಾಸ್ತ್ರಕ್ಕೆ ಬೇಕಾದದ್ದು ತಟ್ಟೆ ತುಂಬ ಅಕ್ಕಿ, ಅದರಲ್ಲಿ ಹೆಸರು ಬರೆಯಲು ಉಂಗುರ, ಕಿವಿಯಲ್ಲಿ ಹೇಳಲು ಸೋದರತ್ತೆ. ತೊಟ್ಟಿಲು ತಂಗಿ ಮನೆಯ ಅಟ್ಟದಿಂದ ಇಳಿಯಿತು. ಸರಪಳಿಯ ಕೊಂಡಿಗೆ ಎಣ್ಣೆ ಬಿಟ್ಟು, ನನ್ನ ಹಳೇ ಹತ್ತಿ ಸೀರೆ ಮಡಿಸಿ ಹಾಸಿ, ಮೊದಲು ಗುಂಡುಕಲ್ಲನ್ನು ಮಲಗಿಸಿ ತೂಗಿದೆವು. ಅದು ಶಾಸ್ತ್ರವೂ ಹೌದು, ಸರಪಳಿ ಭಾರ ತಡೆಯುತ್ತದೋ ಎಂಬ ಪರೀಕ್ಷೆಯೂ ಹೌದು!

ಹೂವು, ವೀಳ್ಯದೆಲೆ ದೇವರಾಜ ಮಾರುಕಟ್ಟೆಯಿಂದ. ಹಬ್ಬ, ಲಗ್ನದ ದಿನ ಮಾತ್ರ ಮಲ್ಲಿಗೆ ಮುಟ್ಟಬೇಡಿ, ಬೆಲೆ ಕೇಳಿಯೇ ಸುಸ್ತಾಗುತ್ತೀರಿ. ನಾಮಕರಣ 11ನೇ ದಿನವೇ ಆಗದಿದ್ದರೆ ಬಿಡಿ, ಅಗ್ಗದ ದಿನ ಆರಿಸಿಕೊಳ್ಳಿ. ಜನನ ನೋಂದಣಿ 21 ದಿನದೊಳಗೆ ಆಗಬೇಕು ನಿಜ, ಆದರೆ 1969ರ ಕಾಯ್ದೆಯಂತೆ ಹೆಸರನ್ನು 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು.

ಸೀಮಂತವನ್ನೂ ಹೀಗೇ ಮಾಡಿದ್ದೆವು: ಹಸಿರು ಗಾಜಿನ ಬಳೆ, ಮಡಿಲಕ್ಕಿ, ನಾಲ್ಕು ಬಗೆ ಕಲಸಿದನ್ನ. ಪೋಷಣ್ ಅಭಿಯಾನದಡಿ ಅಂಗನವಾಡಿಗಳಲ್ಲೂ ಗರ್ಭಿಣಿಯರಿಗೆ ಸೀಮಂತ ಮಾಡುತ್ತಾರೆ. ಸಂಕೋಚ ಬೇಡ, ವಿಚಾರಿಸಿ.

ಕಮಾನಿನ ದುಡ್ಡಿಗೆ ಅಡುಗೆ ಭಟ್ಟರಿಂದ ಕಾಯಿ ಹೋಳಿಗೆ ಮಾಡಿಸಿದೆ. ಎರಡನೇ ಪಂಕ್ತಿಗೂ ಧಾರಾಳವಾಗಿ ಬಂತು.