ಗಾಳಿಯ ದಾರಿಯಲ್ಲಿ ಇಲಿಗೂಡು

ಮುಂಗಾರು ಬಲಿತು, ಕಾರ್ಕಳದ ಬಯಲುಗಳಲ್ಲಿ ಏಣೆಲು ಎಂಬ ಮಳೆಗಾಲದ ಭತ್ತದ ಬೆಳೆಯ ನಾಟಿ ಮುಗಿದು, ಗದ್ದೆಯ ಬದುಗಳಾದ ಹುಣಿಗಳ ನಡುವೆ ನೀರು ತುಂಬಿ ನಿಂತಿರುವ ಕಾಲದಲ್ಲಿ, ಅದೇ ಹುಣಿಗಳಲ್ಲಿ ಬಿಲ ತೋಡಿಕೊಂಡು ಬೇಸಗೆಯನ್ನು ಕಳೆದಿದ್ದ ಮೂಷಕಸಂತತಿಗೆ ಒಣನೆಲವೆಂಬುದೇ ದುರ್ಲಭವಾಗುವುದು. ವರ್ಷಕ್ಕೆ ಸುಮಾರು 4000 ಮಿಲಿಮೀಟರಿನಷ್ಟು ಮಳೆ ಬೀಳುವ, ಅದರಲ್ಲಿಯೂ ಬಹುಪಾಲು ಜೂನಿನಿಂದ ಸೆಪ್ಟೆಂಬರಿನವರೆಗಿನ ನಾಲ್ಕೇ ತಿಂಗಳಲ್ಲಿ ಇಳಿದುಬಿಡುವ ಉಡುಪಿಯ ಸೀಮೆಯಲ್ಲಿ, ಮನೆಯ ಅಟ್ಟ, ಹಟ್ಟಿಯ ಬೈಹುಲ್ಲಿನ ರಾಶಿ, ತೆಂಗಿನ ಮರದ ತಲೆ ಇವು ಇಲಿಗಳಿಗೆ ಪುರಾತನವಾದ ಆಶ್ರಯಗಳು. ಈಚಿನ ದಶಕಗಳಲ್ಲಿ ಅಂಗಳದ ಮಾಡಿನ ಕೆಳಗೆ ನಿಂತ ಕಾರೂ ಇವುಗಳ ಸಾಲಿಗೆ ಸೇರಿದೆ.

ಹೀಗೆ ಕಾರನ್ನು ಸೇರುವ ಇಲಿ ಸಾಮಾನ್ಯವಾಗಿ ಹೆಗ್ಗಣವಲ್ಲ. ಹೆಗ್ಗಣವು ನೆಲವನ್ನು ಅಗೆಯುವುದರಲ್ಲಿ ನಿಪುಣವಾದ, ಭಾರವಾದ ಪ್ರಾಣಿ. ರಾಟಸ್ ರಾಟಸ್ ಎಂಬ ಶಾಸ್ತ್ರೀಯ ನಾಮದ ಕಪ್ಪಿಲಿಯಾದರೋ ಆರೋಹಣದಲ್ಲಿ ಪರಿಣತವಾದುದು. ತೆಂಗಿನ ಶಿರದಲ್ಲಿ ಗೂಡುಕಟ್ಟಿ ಎಳನೀರಿನ ಕಾಯಿಗಳನ್ನು ಕೊರೆದುರುಳಿಸುವುದೂ ಇದೇ. ಅಂತಹ ಮರಗಳ ಬುಡದಲ್ಲಿಯೇ ಕಾರು ನಿಲ್ಲಿಸುವುದು ಕಾಪುವಿನ ಕಡಲಕರೆಯ ತೋಟದ ಮನೆಗಳಲ್ಲಿ ವಾಡಿಕೆಯಾದುದರಿಂದ, ಚಕ್ರವನ್ನೇರಿ ಎಂಜಿನಿನ ಮೇಲಕ್ಕೆ ಬರುವುದು ಅದಕ್ಕೆ ಶ್ರಮದ ಕಾರ್ಯವೇನೂ ಅಲ್ಲ. ಎರಡು ಸೆಂಟಿಮೀಟರಿನಷ್ಟು ರಂಧ್ರವಿದ್ದರೆ ಇಲಿಗೂ, ಅದರ ಮೂರರಲ್ಲೊಂದು ಭಾಗವಿದ್ದರೆ ಚಿಟ್ಟಿಲಿಗೂ ದಾರಿ ಸಾಕಾಗುವುದು.

ಕಾರಿನೊಳಕ್ಕೆ ಹೊರಗಿನ ಗಾಳಿ ಬರುವ ಮಾರ್ಗವನ್ನು ಒಮ್ಮೆ ಮನಸ್ಸಿನಲ್ಲಿ ಚಿತ್ರಿಸಿಕೊಂಡರೆ ಇಲಿಯ ಆಯ್ಕೆ ಎಷ್ಟು ಸಹಜವೆಂಬುದು ತಿಳಿಯುವುದು. ಮುಂಭಾಗದ ಗಾಜಿನ ಬುಡದಲ್ಲಿ, ವೈಪರುಗಳ ಕೆಳಗೆ, ಸೀಳುಗಳುಳ್ಳ ಪ್ಲಾಸ್ಟಿಕ್ಕಿನ ಜಾಲರಿಯೊಂದಿದೆ. ಅದರ ಕೆಳಗಿನ ಪೊಟರೆಯಲ್ಲಿ ಮಳೆನೀರು ಬೇರ್ಪಟ್ಟು ಕೊಳವೆಯ ಮೂಲಕ ನೆಲಕ್ಕಿಳಿಯುವುದು. ಗಾಳಿ ಮಾತ್ರ ಒಳಗೆ ಹೋಗಿ, ನಮ್ಮ ದೇಶದ ಕಾರುಗಳಲ್ಲಿ ಸಾಮಾನ್ಯವಾಗಿ ಎಡಗಡೆಯ ಗ್ಲೋವ್ ಬಾಕ್ಸಿನ ಹಿಂದಿರುವ ಬ್ಲೋವರ್ ಎಂಬ ಬೀಸಣಿಗೆಯನ್ನೂ ಮಡಿಕೆಮಡಿಕೆಯಾದ ಫಿಲ್ಟರನ್ನೂ ಹಾದು, ತಂಪುಮಾಡುವ ಯಂತ್ರಾಂಗವನ್ನು ಸೋಂಕಿ, ನಮ್ಮ ಮುಖಕ್ಕೆ ಬೀಸುವುದು. ಮಳೆ ತಾಗದ, ಬೆಳಕಿಲ್ಲದ, ಬೆಕ್ಕಿನ ಕೈಗೆ ಎಟುಕದ, ಓಡಿ ಬಂದ ಎಂಜಿನಿನ ಬಿಸುಪು ಗಂಟೆಗಟ್ಟಲೆ ಆರದ ಈ ಸ್ಥಳಕ್ಕಿಂತ ಪ್ರಶಸ್ತವಾದ ಬಾಣಂತಿಕೋಣೆ ಇಲಿಗೆ ಬೇರೆಲ್ಲಿ ದೊರೆತೀತು? ಗೂಡಿಗೆ ಬೇಕಾದ ತೆಂಗಿನ ನಾರು, ಬೈಹುಲ್ಲು, ಕಾಗದದ ಚೂರು ಅಂಗಳದಲ್ಲಿಯೇ ಇವೆ; ಬಾನೆಟ್ಟಿನ ಒಳಮೈಯ ನಾರಿನ ಹೊದಿಕೆಯೂ ಫಿಲ್ಟರಿನ ಬಟ್ಟೆಯೂ ಅದರ ಹಲ್ಲಿಗೆ ಮೃದುವಾದ ಹಾಸಿಗೆಯ ಸಾಮಗ್ರಿಗಳೇ. ಗರ್ಭಧಾರಣೆಯಿಂದ ಪ್ರಸವದವರೆಗೆ ಮೂರು ವಾರಗಳು ಸಾಲುವುದರಿಂದ, ರಜೆಗೆಂದು ಊರಿಗೆ ತೆರಳಿದ ಮಣಿಪಾಲದ ವಿದ್ಯಾರ್ಥಿಯ ಕಾರಿನಲ್ಲಾಗಲಿ, ಮುಂಬಯಿಯಲ್ಲಿಯೋ ಕೊಲ್ಲಿಯ ನಾಡುಗಳಲ್ಲಿಯೋ ನೆಲಸಿದವರು ಊರಮನೆಯಲ್ಲಿ ಬಿಟ್ಟುಹೋದ ಕಾರಿನಲ್ಲಾಗಲಿ, ಒಂದು ಸಂಸಾರವೇ ಬೆಳೆದಿರುವುದು ಆಶ್ಚರ್ಯವಲ್ಲ.

ಗೂಡಿನ ಲಕ್ಷಣಗಳು ಮೂತ್ರದ ಘಾಟು, ಬ್ಲೋವರಿನ ಕಟಕಟ ಸದ್ದು, ಗಾಳಿಯೊಡನೆ ಹಾರಿಬರುವ ನಾರಿನ ಎಳೆ. ಇವೆಲ್ಲಕ್ಕಿಂತ ಅಪಾಯಕರವಾದುದು ಗಾಳಿ ಕ್ಷೀಣಿಸಿ ಗಾಜಿನ ಮಂಜು ಬಿಡದಿರುವುದು. ಹೆಬ್ರಿಯನ್ನು ದಾಟಿ ಆಗುಂಬೆಯ ಘಾಟಿಯ ತಿರುವುಗಳನ್ನು ಏರುವಾಗ ಮಳೆಗಾಲದಲ್ಲಿ ಮುಂದಿನ ಗಾಜು ಮಸುಕಾಗುವುದೆಂದರೆ ಏನೆಂಬುದನ್ನು ಆ ದಾರಿಯ ಪರಿಚಯವುಳ್ಳವರಿಗೆ ವಿವರಿಸಬೇಕಾಗಿಲ್ಲ.

ಇಂತಹ ಸಮಯದಲ್ಲಿ ಬ್ಲೋವರನ್ನು ಪೂರ್ಣವೇಗಕ್ಕೆ ತಿರುಗಿಸಿ ಕಸವನ್ನು ಹೊರದೂಡಲು ಯತ್ನಿಸುವುದು ಬಹುಮಂದಿಯ ಮೊದಲ ಪ್ರವೃತ್ತಿ. ಅದನ್ನು ಎಂದಿಗೂ ಮಾಡಬಾರದು; ಗೂಡಿನಲ್ಲಿರಬಹುದಾದ ರೋಗಾಣುಗಳು ಆ ಗಾಳಿಯೊಡನೆ ನಮ್ಮ ಮುಖಕ್ಕೇ ಬಂದಾವು. 1886ರಲ್ಲಿ ಜರ್ಮನಿಯ ಅಡಾಲ್ಫ್ ವೈಲನು ಕಾಮಾಲೆಯೊಡನೆ ಮೂತ್ರಪಿಂಡಗಳನ್ನು ಕೆಡಿಸುವ ಜ್ವರವೊಂದನ್ನು ವರ್ಣಿಸಿದನು. 1915ರ ಸುಮಾರಿಗೆ ಜಪಾನಿನ ಇನಾಡಾ ಮತ್ತು ಇಡೋ ಎಂಬ ವಿಜ್ಞಾನಿಗಳು ಅದರ ಕಾರಣವಾದ ಸುರುಳಿಯಾಕಾರದ ಸೂಕ್ಷ್ಮಜೀವಿಯನ್ನು ಕಂಡುಹಿಡಿದರು. ನಾವು ಇಲಿಜ್ವರವೆನ್ನುವ ಲೆಪ್ಟೋಸ್ಪೈರೋಸಿಸ್ ಇದೇ. 1953ರಲ್ಲಿ ಸ್ಥಾಪಿತವಾದ ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಮಹಾವಿದ್ಯಾಲಯದ ವೈದ್ಯರಿಗೆ ಮಳೆಗಾಲದ ಈ ರೋಗ ಸುಪರಿಚಿತ. ಇಲಿ ತಾನು ಸ್ವಸ್ಥವಾಗಿದ್ದುಕೊಂಡೇ ಮೂತ್ರದಲ್ಲಿ ಈ ಜೀವಿಯನ್ನು ವಿಸರ್ಜಿಸುವುದು. ಒಣಗಿದರೆ ಸಾಯುವ ಅದು ತೇವದಲ್ಲಿ ವಾರಗಟ್ಟಲೆ ಬದುಕಿ, ಗೀರು ಬಿದ್ದ ಚರ್ಮದ ಮೂಲಕವೂ ಕಣ್ಣು ಬಾಯಿಗಳ ಒಳಪೊರೆಯ ಮೂಲಕವೂ ದೇಹವನ್ನು ಹೊಗುವುದು. ಒಣಗಿದ ಗೂಡಿನ ಧೂಳೂ ನಿರಪಾಯವಲ್ಲ: 1993ರಲ್ಲಿ ಅಮೆರಿಕದ ನೈಋತ್ಯ ಪ್ರಾಂತದಲ್ಲಿ ಹಲವರ ಪ್ರಾಣಹರಣ ಮಾಡಿದ ಹಂಟಾ ವೈರಸ್ ಅಲ್ಲಿನ ಕಾಡಿಲಿಗಳ ಮಲಮೂತ್ರದಿಂದ ಗಾಳಿಗೇರಿ ಶ್ವಾಸಕೋಶವನ್ನು ಸೇರಿತ್ತು. ನಮ್ಮ ಕರಾವಳಿಯ ಇಲಿಗಳ ವಿಷಯ ಬೇರೆ. ಆದರೂ ಮೂಷಕಮಲವನ್ನು ಒಣಗಿರುವಾಗ ಗುಡಿಸಬಾರದು, ನೆನೆಸಿಯೇ ತೆಗೆಯಬೇಕು ಎಂಬ ವಿಧಿಯನ್ನು ಎಲ್ಲೆಡೆಯವರೂ ಪಾಲಿಸುವುದು ಕ್ಷೇಮ.

ಆದುದರಿಂದ ಕಾರನ್ನು ಬಯಲಿಗೆ ತಂದು, ಬಾನೆಟ್ಟನ್ನೂ ಬಾಗಿಲುಗಳನ್ನೂ ತೆರೆದು ಅರ್ಧ ಗಂಟೆ ಗಾಳಿಯಾಡಲು ಬಿಡತಕ್ಕದ್ದು. ಮರಿಗಳಿರುವ ಶಂಕೆಯಿದ್ದರೆ ಬಾನೆಟ್ಟನ್ನು ತಟ್ಟಿ ಸದ್ದುಮಾಡಿ ಒಂದು ರಾತ್ರಿ ತೆರೆದಿಡುವುದು ಲೇಸು. ಗೂಡು ಕದಡಿತೆಂದು ಕಂಡ ತಾಯಿ ಮರಿಗಳನ್ನು ಬಾಯಲ್ಲಿ ಕಚ್ಚಿಕೊಂಡು ತಾನಾಗಿಯೇ ಬೇರೆಡೆಗೆ ಸಾಗಿಸುವುದುಂಟು, ಕಣ್ಣು ತೆರೆಯದ ಜೀವಗಳನ್ನು ಕೊಲ್ಲುವ ಸಂಕಟವೂ ತಪ್ಪುವುದು. ಬಳಿಕ ಬ್ಯಾಟರಿಯ ಋಣತಂತಿಯನ್ನು ಕಳಚಬೇಕು. ವಿದ್ಯುತ್ ಕಾರುಗಳಲ್ಲಿನ ಕಿತ್ತಳೆ ಬಣ್ಣದ ತಂತಿಗಳನ್ನು ಮುಟ್ಟಲೇಬಾರದು. ಅವು ತಜ್ಞರ ಕೆಲಸ. ರಬ್ಬರಿನ ಕೈಗವಸು, ಮೂಗು ಬಾಯಿಗಳಿಗೆ ಬಿಗಿಯಾದ ಮುಖಗವಸು, ಕಣ್ಣಿಗೆ ಕನ್ನಡಕ ಧರಿಸಿ, ಗ್ಲೋವ್ ಬಾಕ್ಸನ್ನು ಇಳಿಸಿ, ದ್ರವರೂಪದ ಬ್ಲೀಚಿನ ಒಂದು ಪಾಲಿಗೆ ಒಂಬತ್ತು ಪಾಲು ನೀರು ಬೆರೆಸಿದ ದ್ರಾವಣವನ್ನು ಗೂಡಿನ ಮೇಲೆ ಸಿಂಪಡಿಸಿ ಐದು ನಿಮಿಷ ನೆನೆಯಲು ಬಿಡಬೇಕು. ಶೌಚಾಲಯ ತೊಳೆಯುವ ಆಮ್ಲವನ್ನು ಇದಕ್ಕೆ ಸೇರಿಸಿದರೆ ವಿಷವಾಯು ಹುಟ್ಟುವುದು. ನೆನೆದ ಗೂಡನ್ನು ಫಿಲ್ಟರಿನೊಡನೆಯೇ ಎತ್ತಿ ಎರಡು ಪದರದ ಚೀಲದಲ್ಲಿ ಕಟ್ಟಿಡಬೇಕು. ಆ ಫಿಲ್ಟರನ್ನು ತೊಳೆದು ಮರಳಿ ಇಡುವ ಮಿತವ್ಯಯ ತರವಲ್ಲ. ಬ್ಲೋವರಿನ ಎಸಳುಗಳ ನಡುವೆ ಸಿಕ್ಕಿದ ನಾರನ್ನು ತೆಗೆಯಲು ಕೆಲವು ತಿರುಪುಗಳನ್ನು ಬಿಚ್ಚಿ ಅದನ್ನು ಕೆಳಗಿಳಿಸುವುದೇ ಸರಿಯಾದ ಕ್ರಮ. ತಂಪುಮಾಡುವ ಅಲ್ಯೂಮಿನಿಯಮ್ ಅಂಗಕ್ಕೆ ಬ್ಲೀಚು ತಾಗಿದರೆ ಲೋಹ ಸವೆಯುವುದರಿಂದ ಅಲ್ಲಿಗೆ ಅದಕ್ಕೆಂದೇ ಮಾರುವ ಶುದ್ಧಿದ್ರವವೇ ಬೇಕು. ಎಲ್ಲವನ್ನೂ ಜೋಡಿಸುವ ಮುನ್ನ ತಂತಿಗಳ ಮೈಯನ್ನು ಬೆಳಕಿನಲ್ಲಿ ಪರೀಕ್ಷಿಸಬೇಕು. ಜೀವಮಾನವೆಲ್ಲ ಬೆಳೆಯುತ್ತಲೇ ಇರುವ ಬಾಚಿಹಲ್ಲುಗಳನ್ನು ಸವೆಸಲೆಂದು ಇಲಿ ತಂತಿಯ ಕವಚವನ್ನು ಕಡಿಯುವುದರಿಂದ ಬೆಂಕಿಯ ಭಯವೂ ಇದೆ.

ಜಾಲರಿಯ ಕೆಳಗೆ ಆರು ಮಿಲಿಮೀಟರನ್ನು ಮೀರದ ಕಣ್ಣುಗಳ ಸತುಲೇಪಿತ ತಂತಿಬಲೆಯನ್ನು ಬಿಗಿದು, ಬಿದ್ದ ಎಲೆಗಳನ್ನು ಆಗಾಗ ತೆಗೆಯುತ್ತಿದ್ದರೆ ಪುನರಾಗಮನ ಬಹುಮಟ್ಟಿಗೆ ತಪ್ಪುವುದು. ಹೊಗೆಸೊಪ್ಪಿನ ಪೊಟ್ಟಣ, ನುಸಿಗುಳಿಗೆಗಳನ್ನು ಇಡುವ ರೂಢಿ ಇದೆಯಾದರೂ ವಾಸನೆ ಆರಿದೊಡನೆ ಅವುಗಳ ಪ್ರಭಾವವೂ ಅಳಿಯುವುದು. ಪಾಷಾಣವಂತೂ ಬೇಡವೇ ಬೇಡ: ಅದನ್ನು ತಿಂದ ಇಲಿ ಗಾಳಿಯ ಕೊಳವೆಯ ಕೈಗೆಟುಕದ ತಿರುವಿನಲ್ಲಿ ಸತ್ತು ಕೊಳೆಯಬಹುದು, ಆ ಇಲಿಯನ್ನು ನುಂಗಿದ ಗೂಬೆಗೂ ಕೇರೆಹಾವಿಗೂ ವಿಷವೇರಬಹುದು. ನಾಗಬನಗಳನ್ನು ಕಾಯ್ದುಕೊಂಡು ಬಂದ ಈ ನಾಡಿನಲ್ಲಿ ಇಲಿಗಳನ್ನು ಹತೋಟಿಯಲ್ಲಿಡುವ ಆ ಜೀವಗಳ ಅಳಿವಿಗೆ ನಾವೇ ಕಾರಣರಾಗುವುದು ಅಕ್ಷಮ್ಯ.

ಗೂಡು ತೆಗೆದವರಿಗೆ ತಿಂಗಳೊಳಗೆ ಜ್ವರ ಬಂದು, ಮೀನಖಂಡ ನೋಯತೊಡಗಿ, ಕಣ್ಣು ಕೆಂಪೇರಿದರೆ, ವೈದ್ಯರ ಬಳಿ ಮೊದಲ ದಿನವೇ ಹೋಗಿ ಇಲಿಗೂಡನ್ನು ಮುಟ್ಟಿದ ಸಂಗತಿಯನ್ನು ಕೇಳುವ ಮೊದಲೇ ಹೇಳಬೇಕು. ಮಲೇರಿಯಾ, ಡೆಂಗಿ ಜ್ವರಗಳೂ ಇದೇ ಋತುವಿನಲ್ಲಿ ಇವನ್ನು ಹೋಲುವ ಚಿಹ್ನೆಗಳೊಡನೆ ಬರುವುದರಿಂದ ಆ ಒಂದು ಮಾತು ಪರೀಕ್ಷೆಯನ್ನು ಸರಿಯಾದ ದಿಕ್ಕಿಗೆ ತಿರುಗಿಸುವುದು. ಆರಂಭದಲ್ಲಿಯೇ ಕೊಟ್ಟ ಡಾಕ್ಸಿಸೈಕ್ಲಿನ್ ಅಥವಾ ಪೆನಿಸಿಲಿನ್ನಿಗೆ ಇಲಿಜ್ವರ ಬಗ್ಗುವುದು.