ಜಂತಿಯಿಂದ ಬಿದ್ದ ಇಲಿ

ಕಳೆದ ಬೇಸಿಗೆ ರಜೆಯಲ್ಲಿ ಮೊಮ್ಮಗಳು ನಮ್ಮ ಗಲಗಲಿಗೆ ಬಂದಿದ್ದಳು. ಏಳನೆಯ ಇಯತ್ತೆಯ ಹುಡುಗಿ. ಅಡಿಗೆಮನೆಯ ಬೋನಿನಲ್ಲಿ ಒಂದು ಇಲಿ ಸಿಕ್ಕಿತ್ತು. ಅದನ್ನೇ ನೋಡುತ್ತ ಕೂತವಳು ಕೇಳಿದಳು: “ಮುತ್ಯಾ, ರೋಗಕ್ಕ ಔಷಧ ಹುಡುಕಾಕ ಇಂಥಾ ಇಲಿಗಳನ್ನ ಕೊಲ್ತಾರಂತ. ಅದು ಪಾಪ ಅಲ್ಲೇನು?”

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿ ಲೆಕ್ಕ ಬರೆದವನು. ಜಮಾ ಎಷ್ಟು, ಖರ್ಚು ಎಷ್ಟು ಎಂದು ನೋಡದೆ ಉತ್ತರ ಹೇಳುವ ರೂಢಿಯಿಲ್ಲ. ಅವಳನ್ನು ಕಟ್ಟೆಯ ಮೇಲೆ ಕೂಡಿಸಿಕೊಂಡು ನಮ್ಮ ಆಯಿಯ ಕಥೆ ಹೇಳಿದೆ.

ಆಯಿ ಎಂದರೆ ನನ್ನ ತಂದೆಯ ತಾಯಿ. ಅವಳು ಸಣ್ಣವಳಿದ್ದಾಗ ಪ್ಲೇಗು ಕಂಡವಳು. “ಜಂತಿಯಿಂದ ಇಲಿ ತೊಪ್ಪಂತ ಬಿತ್ತಂದ್ರ ಮುಗೀತು. ಅದನ್ನ ಮುಟ್ಟಬಾರದು. ಮನಿಗೆ ಕೀಲಿ ಹಾಕಿ ಊರ ಹೊರಗ ಬೀಳತಿದ್ವಿ” ಎನ್ನುತ್ತಿದ್ದಳು. ಹೊಲದಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರುತ್ತಿದ್ದರಂತೆ. ಒಂದು ಸಲ ಸೂಜಿ ಹಾಕುವವರು ಬಂದರು. ಸೂಜಿ ಹಾಕಿದರೆ ಮೈ ಕೆಂಡದಂತೆ ಸುಡುತ್ತದೆ ಎಂದು ಹೆದರಿ, ಹಿರಿಯರು ಆಯಿಯ ತಮ್ಮನನ್ನು ಜೋಳದ ಹೊಲದಲ್ಲಿ ಅಡಗಿಸಿಟ್ಟರು. ಮುಂದಿನ ಪ್ಲೇಗಿನಲ್ಲಿ ಅವನ ತೊಡೆಸಂದಿಯಲ್ಲಿ ಗಡ್ಡೆ ಎದ್ದಿತು. ನಾಲ್ಕು ದಿನದಲ್ಲಿ ಹೋದ. ಇದನ್ನು ಹೇಳುವಾಗ ಆಯಿ ಪ್ರತಿ ಸಲವೂ ಸೆರಗು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಳು.

ಮಕ್ಕಳೇ, ಪ್ಲೇಗು ಬ್ಯಾಕ್ಟೀರಿಯಾದಿಂದ ಬರುವ ರೋಗ. ಇಲಿಗೂ ಅದೇ ರೋಗ, ಮನುಷ್ಯರಿಗೂ ಅದೇ ರೋಗ. 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಅಲೆಕ್ಸಾಂಡರ್ ಯೆರ್ಸಿನ್ ಆ ಬ್ಯಾಕ್ಟೀರಿಯಾವನ್ನು ಗುರುತಿಸಿದರು. 1896ರಲ್ಲಿ ರೋಗ ಮುಂಬೈಗೆ ಬಂತು. 1898ರ ಹೊತ್ತಿಗೆ ಹುಬ್ಬಳ್ಳಿ, ಬೆಂಗಳೂರನ್ನೂ ಮುಟ್ಟಿತು. ಬೆಂಗಳೂರಿನ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದದ್ದು ಆ ಪ್ಲೇಗಿನ ನಂತರ, ಜನರಿಗೆ ಗಾಳಿ ಬೆಳಕಿನ ಜಾಗ ಬೇಕೆಂದು.

ಆಗ ಮುಂಬೈಯಲ್ಲಿ ವಾಲ್ಡೆಮಾರ್ ಹಾಫ್‌ಕಿನ್ ಎಂಬ ವಿಜ್ಞಾನಿ ಲಸಿಕೆಗಾಗಿ ಹಗಲು ರಾತ್ರಿ ದುಡಿದರು. ಮಾಂಸದ ಸಾರಿನ ಮೇಲೆ ತುಪ್ಪದ ಹನಿ ತೇಲಿಬಿಟ್ಟು, ಆ ಹನಿಗಳಿಗೆ ಅಂಟಿಕೊಂಡು ಬ್ಯಾಕ್ಟೀರಿಯಾ ಎಳೆ ಎಳೆಯಾಗಿ ಕೆಳಗೆ ಬೆಳೆಯುವಂತೆ ಮಾಡಿದರು. ಬೆಳೆದ ಮೇಲೆ ಕಾಯಿಸಿ ಕೊಂದರು. ಸತ್ತ ಬ್ಯಾಕ್ಟೀರಿಯಾದ ಆ ದ್ರವವೇ ಲಸಿಕೆ. ಮೊದಲು ಅದನ್ನು ಮೊಲಗಳಿಗೆ ಕೊಟ್ಟು ಪರೀಕ್ಷಿಸಿದರು. ಆಮೇಲೆ 1897ರ ಜನವರಿ 10ರಂದು ತಮ್ಮ ಮೈಗೇ ಚುಚ್ಚಿಸಿಕೊಂಡರು. ಜ್ವರ ಬಂತು, ನೋವಾಯಿತು, ಆದರೆ ಗುಣವಾದರು. ಮುಂದಿನ ವರ್ಷ ನಮ್ಮ ಹುಬ್ಬಳ್ಳಿಯಲ್ಲೇ ಸಾವಿರಾರು ಜನ ಈ ಲಸಿಕೆ ಹಾಕಿಸಿಕೊಂಡರು.

ಆದರೆ ರೋಗ ಇಲಿಯಿಂದ ಮನುಷ್ಯನಿಗೆ ಹೇಗೆ ದಾಟುತ್ತದೆ? 1898ರಲ್ಲಿ ಕರಾಚಿಯಲ್ಲಿ ಫ್ರಾನ್ಸಿನ ವೈದ್ಯ ಪಾಲ್-ಲೂಯಿ ಸಿಮೊಂಡ್ ಒಂದು ಪ್ರಯೋಗ ಮಾಡಿದರು. ದೊಡ್ಡ ಗಾಜಿನ ಭರಣಿಯಲ್ಲಿ ಚಿಗಟಗಳಿದ್ದ ರೋಗದ ಇಲಿಯನ್ನಿಟ್ಟರು. ಒಳ್ಳೆಯ ಇಲಿಯೊಂದನ್ನು ಜಾಳಿಗೆಯ ಗೂಡಿನಲ್ಲಿ ಹಾಕಿ ಅದೇ ಭರಣಿಯಲ್ಲಿ ಇಳಿಬಿಟ್ಟರು. ಒಂದನ್ನೊಂದು ಮುಟ್ಟುವಂತಿರಲಿಲ್ಲ. ಚಿಗಟ ಮಾತ್ರ ಜಿಗಿಯಬಹುದಿತ್ತು. ಕೆಲವೇ ದಿನಗಳಲ್ಲಿ ಒಳ್ಳೆಯ ಇಲಿಯೂ ಪ್ಲೇಗಿನಿಂದ ಸತ್ತಿತು. ಇಲಿ ಸತ್ತು ತಣ್ಣಗಾದಾಗ ಚಿಗಟಗಳು ಬೆಚ್ಚಗಿನ ಬೇರೆ ಮೈ ಹುಡುಕುತ್ತವೆ. ಮನುಷ್ಯ ಸಿಕ್ಕರೆ ಮನುಷ್ಯನನ್ನೇ ಕಚ್ಚುತ್ತವೆ.

ಸಿಮೊಂಡರ ಮಾತನ್ನು ಬಹಳ ಮಂದಿ ನಂಬಲಿಲ್ಲ. ಮುಂದೆ ಮುಂಬೈಯಲ್ಲಿ ಡಾ. ಲಿಸ್ಟನ್ ಮತ್ತು ಪ್ಲೇಗು ಸಂಶೋಧಕರು ರೋಗ ಬಿದ್ದ ಮನೆಗಳಲ್ಲಿ ಗಿನಿಪಿಗ್‌ಗಳನ್ನು ಬಿಟ್ಟು ನೋಡಿದರು. ಹೆಸರಿನಲ್ಲಿ ಹಂದಿ ಇದ್ದರೂ ಅದು ಹಂದಿಯಲ್ಲ, ಇಲಿಯ ಬಳಗದ ಮೆತ್ತನೆಯ ಸಣ್ಣ ಪ್ರಾಣಿ. ಅವುಗಳ ಮೈಗೆ ಇಲಿಯ ಚಿಗಟಗಳು ಹತ್ತಿದವು, ಪ್ಲೇಗೂ ತಗುಲಿತು. ಚಿಗಟ ಜಿಗಿಯಲಾರದಷ್ಟು ಎತ್ತರಕ್ಕೆ ತೂಗುಹಾಕಿದ ಗೂಡಿನ ಪ್ರಾಣಿಗಳು ಉಳಿದುಕೊಂಡವು. ಆಗ ಜಗತ್ತು ಒಪ್ಪಿತು.

ನೋಡಿ, ಸತ್ತ ಇಲಿಯನ್ನು ಮುಟ್ಟಬೇಡ, ಮನೆ ಬಿಡು ಎಂಬ ಆಯಿಯ ಮಾತು ಎಷ್ಟು ನಿಜವಾಗಿತ್ತು! ಯಾಕೆ ನಿಜ ಎಂಬುದು ಆ ಇಲಿಗಳು ಸತ್ತ ಮೇಲೆ ತಿಳಿಯಿತು.

ಆಯಿಯ ತಮ್ಮ ಸೂಜಿ ಹಾಕಿಸಿಕೊಂಡಿದ್ದರೆ ಉಳಿಯುತ್ತಿದ್ದನೇ? ಖಂಡಿತವಾಗಿ ಹೇಳಲಾಗದು. ಆ ಲಸಿಕೆ ಎಲ್ಲರನ್ನೂ ಪೂರ್ತಿ ಕಾಯುತ್ತಿರಲಿಲ್ಲ. ಆದರೆ ಸಾವಿನ ಭಯವನ್ನು ಬಹಳ ತಗ್ಗಿಸುತ್ತಿತ್ತು. ಈಗಂತೂ ಬೇಗ ಗುರುತಿಸಿದರೆ ಆಂಟಿಬಯಾಟಿಕ್‌ಗಳಿಂದ ಪ್ಲೇಗು ಗುಣವಾಗುತ್ತದೆ.

ಇಷ್ಟು ಕೇಳಿ ಮೊಮ್ಮಗಳು ಸುಮ್ಮನಾಗಲಿಲ್ಲ. “ಹಂಗಾದ್ರ ಎಷ್ಟು ಬೇಕಾದ್ರೂ ಕೊಲ್ಲಬಹುದೇನು?” ಎಂದಳು.

ಇಲ್ಲ. 1960ರಲ್ಲಿ ನಮ್ಮ ದೇಶ ಪ್ರಾಣಿ ಹಿಂಸೆ ತಡೆಯುವ ಕಾನೂನು ಮಾಡಿತು. ಅದಕ್ಕಾಗಿ ರಾಜ್ಯಸಭೆಯಲ್ಲಿ ದನಿ ಎತ್ತಿದವರು ನೃತ್ಯ ಕಲಾವಿದೆ ರುಕ್ಮಿಣಿದೇವಿ ಅರುಂಡೇಲ್. ಪ್ರಯೋಗಗಳ ಮೇಲೆ ಕಣ್ಣಿಡುವ ಸಮಿತಿಗೂ ಆ ಕಾನೂನಿನಲ್ಲಿ ಜಾಗವಿದೆ. ಅದಕ್ಕೂ ಒಂದು ವರ್ಷ ಮೊದಲು ಇಂಗ್ಲೆಂಡಿನ ರಸೆಲ್ ಮತ್ತು ಬರ್ಚ್ ಎಂಬ ವಿಜ್ಞಾನಿಗಳು ಮೂರು ಮಾತು ಹೇಳಿದ್ದರು: ಬೇರೆ ದಾರಿ ಇದ್ದರೆ ಪ್ರಾಣಿಯನ್ನು ಬಿಡಿ, ಬೇಕೇ ಬೇಕಾದರೆ ಕಡಿಮೆ ಬಳಸಿ, ಬಳಸಿದರೆ ನೋವು ತಗ್ಗಿಸಿ.

“ಪಾಪ ಅಲ್ಲ ಅಂತ ನಾನು ಹೇಳೂದಿಲ್ಲವ್ವಾ. ಅದು ಸಾಲ. ನಾವು ಬದುಕಿದ್ದು ಅವುಗಳ ಸಾಲದಾಗ. ಸಾಲ ತಗೊಂಡಾಂವ ಸುಮ್ಮಸುಮ್ಮನೆ ಮತ್ತ ಸಾಲ ಎತ್ತಬಾರದು, ತಗೊಂಡಿದ್ದನ್ನ ಮರೀಬಾರದು” ಎಂದೆ.

ಸಾಲ ನೆನೆಯುವುದು ಹೇಗೆ? ಅವು ಕಲಿಸಿದ ಪಾಠವನ್ನು ಪಾಲಿಸುವುದೇ. ನಮ್ಮದು ಕೃಷ್ಣೆಯ ದಂಡೆಯ ಊರು. ಹೊಳೆ ತುಂಬಿ ಬಂದಾಗ ಇಲಿಯ ಮೂತ್ರ ಬೆರೆತ ನೀರಿನಿಂದ ಇಲಿಜ್ವರ ಬರಬಹುದು. ಅದರ ಬ್ಯಾಕ್ಟೀರಿಯಾವನ್ನು ಜಪಾನಿನ ವಿಜ್ಞಾನಿಗಳು ನೂರು ವರ್ಷಗಳ ಹಿಂದೆ ಕಂಡುಕೊಂಡದ್ದೂ ಗಿನಿಪಿಗ್‌ಗಳ ಸಹಾಯದಿಂದಲೇ. ಕಾಲಿಗೆ ಗಾಯವಿದ್ದರೆ ಮಕ್ಕಳು ಆ ನೀರಿಗೆ ಇಳಿಯಬೇಡಿ. ಜ್ವರ, ಮೈಕೈ ನೋವು ಬಂದರೆ ಅಜ್ಜ-ಅಜ್ಜಿಯರು ಕಷಾಯ ಕುಡಿಸುತ್ತ ಕೂಡದೆ ದವಾಖಾನೆಗೆ ಕರೆದೊಯ್ಯಿರಿ. ಲಸಿಕೆ ಹಾಕುವವರು ಬಂದರೆ ಮೊಮ್ಮಕ್ಕಳನ್ನು ಅಡಗಿಸಬೇಡಿ.

ಆ ಸಂಜೆ ಇಬ್ಬರೂ ಬೋನು ಹಿಡಿದು ಊರಾಚೆಗೆ ಹೋದೆವು. ಬಾಗಿಲು ತೆರೆದೊಡನೆ ಇಲಿ ಕಬ್ಬಿನ ಹೊಲಕ್ಕೆ ಓಡಿತು. ಮನೆಗೆ ಬಂದವಳೇ ಮೊಮ್ಮಗಳು ಸಾಬೂನು ಹಚ್ಚಿ ಕೈ ತೊಳೆದಳು. ಆಮೇಲೆ ನನ್ನ ಕಡೆ ತಿರುಗಿ, “ಮುತ್ಯಾ, ನಿಂದೂ ತೊಳ್ಕೊ” ಎಂದಳು.