ಕೂತು ಏಳಲಿಕ್ಕೆ ಬರಬೇಕು

ಸಿಂದಗಿಯ ನನ್ನ ಹೊಲಿಗೆ ಅಂಗಡಿಗೆ ಬರುವ ಮದುಮಗಳು ಬಟ್ಟೆಯ ಗಂಟು ಬಿಚ್ಚುವ ಮೊದಲು ಮೊಬೈಲ್ ತೆರೆಯುತ್ತಾಳೆ. "ಅಕ್ಕಾ, ಸೇಮ್ ಹಿಂಗ ಬೇಕ್ರಿ." ಚಿತ್ರದಲ್ಲಿರುವ ಹಿರೋಯಿನ್ ನಿಂತೇ ಇರುತ್ತಾಳೆ, ಕೂತದ್ದನ್ನು ನಾನಂತೂ ನೋಡಿಲ್ಲ. "ಮದುವಿ ಯಾವ ತಿಂಗಳಾಗ, ಎಲ್ಲೆವ್ವಾ?" ಎಂದು ಕೇಳುತ್ತೇನೆ. ಮೇ ತಿಂಗಳು, ಇಂಡಿ ಕಡೆಯ ಹಳ್ಳಿ, ಮನೆ ಮುಂದೆ ಶಾಮಿಯಾನ ಎಂದಳೋ, ನನ್ನ ಲೆಕ್ಕ ಅಲ್ಲಿಂದಲೇ ಶುರು. ವಿಜಯಪುರ ಜಿಲ್ಲೆಯ ಬೇಸಿಗೆ 40 ಡಿಗ್ರಿ ದಾಟುವಂಥದ್ದು. ಮೇಲೆ ಪಾಲಿಯೆಸ್ಟರ್ ನೆಟ್, ಕೆಳಗೆ ಉಬ್ಬಿಸಲು ಕ್ಯಾನ್‌ಕ್ಯಾನ್, ಒಳಗೆ ಸ್ಯಾಟಿನ್ ಅಸ್ತರ್. ಒಂದೂ ಬೆವರು ಹೀರುವುದಿಲ್ಲ. ಅಕ್ಕಿಕಾಳು ಬೀಳುವ ಹೊತ್ತಿಗೆ ಹುಡುಗಿ ಅರ್ಧ ಸೋತಿರುತ್ತಾಳೆ.

ಡಿಸೈನರ್ ಬಟ್ಟೆಯ ಮೇಲೆ ನನಗೇನೂ ಸಿಟ್ಟಿಲ್ಲ, ನನ್ನ ಹೊಟ್ಟೆ ತುಂಬುವುದೇ ಅದರಿಂದ. ಆದರೆ ಬೆಲೆ ಕೇಳುವ ಮೊದಲು ಕುಬಸವನ್ನು ಒಳಮೈ ತಿರುವಿ ನೋಡಿ. ಜರ್ದೋಸಿ ತಂತಿಯ ತುದಿ, ಹರಳು ಕೂರಿಸಿದ ಅಂಟು, ಬಿಗಿದ ಗಂಟು, ಎಲ್ಲ ಅಲ್ಲಿರುತ್ತವೆ. ಬಗಲಲ್ಲಿ ಕೆರೆಯುವುದು ಅವೇ. ನಮ್ಮ ಕಸೂತಿಯನ್ನು ಹಾಗೇ ತಿರುವಿ. ಎಳೆ ಎಣಿಸಿ ಹಾಕಿದ ಗಾವಂತಿ, ಮುರ್ಗಿ ಹೊಲಿಗೆ ಹಿಂದೆ ಮುಂದೆ ಒಂದೇ ತರಹ ಕಾಣುತ್ತದೆ. ಗಂಟು ಹಾಕುವ ಪದ್ಧತಿಯೇ ಇಲ್ಲ. ಮೈಗೆ ಚುಚ್ಚಬಾರದು ಎಂಬುದನ್ನು ಆ ಹೆಂಗಸರು ಸೂಜಿ ಹಿಡಿಯುವಾಗಲೇ ಯೋಚಿಸಿದ್ದರು ಅನ್ನಿಸುತ್ತದೆ.

ಮುದ್ದೇಬಿಹಾಳದಿಂದ ಕೃಷ್ಣೆ ದಾಟಿ ಹೋದರೆ ಇಳಕಲ್. 1997ರಲ್ಲಿ ಬಾಗಲಕೋಟೆ ಬೇರೆಯಾಗುವವರೆಗೆ ಅದೂ ನಮ್ಮದೇ ಜಿಲ್ಲೆ. ಹಳೆಯ ಪದ್ಧತಿಯ ಇಳಕಲ್ ಸೀರೆಯಲ್ಲಿ ಮೈಗೆ ಹತ್ತಿ, ಸೆರಗಿಗೆ ರೇಷ್ಮೆ. ಎರಡರ ಹಾಸಿನ ಎಳೆಗಳನ್ನು ಮಗ್ಗದ ಮೇಲೆ ಒಂದರೊಳಗೊಂದು ಕೊಂಡಿ ಹಾಕಿ ಸೇರಿಸುತ್ತಾರೆ. ಅದಕ್ಕೆ ಟೋಪ್ ತೆನಿ ಸೆರಗು ಎಂದು ಹೆಸರು. ಸೊಂಟ, ಕಾಲಿಗೆ ಬೆವರು ಹೀರುವ ಹತ್ತಿ, ನಾಲ್ಕು ಜನ ನೋಡುವ ಹೆಗಲ ಮೇಲೆ ಹೊಳಪು. ಇದಕ್ಕಿಂತ ಜಾಣ ಡಿಸೈನ್ ನಾನು ಕಂಡಿಲ್ಲ. ಅಜ್ಜಿಯ ಗುಳೇದಗುಡ್ಡ ಖಣದ ಕುಬಸದಲ್ಲಿ ಬಗಲಿಗೊಂದು ಚಿಕ್ಕ ಚೌಕದ ತುಂಡು ಕೂರಿಸಿರುತ್ತಿದ್ದರು, ಮುಂದೆ ಗಂಟು. ತುಂಡಿನಿಂದ ಕೈ ಮೇಲಕ್ಕೆ ಸಲೀಸಾಗಿ ಹೋಗುತ್ತಿತ್ತು, ಗಂಟಿನಿಂದ ಮೈ ದಪ್ಪವಾದರೂ ಬಟ್ಟೆ ಸಾಲುತ್ತಿತ್ತು.

ಪ್ಯಾರಿಸ್‌ನಲ್ಲೂ ಇದೇ ಜಗಳ ನಡೆದಿದೆ. 1947ರಲ್ಲಿ ಕ್ರಿಸ್ತಿಯನ್ ಡಿಯೋರ್ ಬಿಗಿ ಸೊಂಟದ, ಗಜಗಟ್ಟಲೆ ಬಟ್ಟೆ ನುಂಗುವ ಲಂಗ ತಂದು ಹೆಸರು ಮಾಡಿದ. ಅದನ್ನು ಮೆಚ್ಚದ ಕೊಕೊ ಶನೆಲ್ 1954ರಲ್ಲಿ ಮತ್ತೆ ಅಂಗಡಿ ತೆರೆದಳು. ಅವಳ ಜಾಕೀಟಿನಲ್ಲಿ ಬಗಲಿನ ಕಟಿಂಗ್ ಮೇಲಕ್ಕಿರುತ್ತಿತ್ತು, ಕೈ ಎತ್ತಿದರೆ ಬಟ್ಟೆ ಜೊತೆಗೆ ಮೇಲೇಳಬಾರದೆಂದು. ನನ್ನ ಅಜ್ಜಿ ಅವಳ ಹೆಸರನ್ನೇ ಕೇಳಿರಲಿಲ್ಲ.

ಈಗ ಇಳಕಲ್ ಸೀರೆ ಕತ್ತರಿಸಿ ಗೌನ್, ಫ್ರಾಕ್ ಮಾಡಿಸುವ ಹುಚ್ಚು. ಚೆಂದ ಕಾಣುತ್ತದೆ, ಆದರೆ ಹತ್ತಿ ಕುಗ್ಗಿದಷ್ಟು ರೇಷ್ಮೆ ಕುಗ್ಗುವುದಿಲ್ಲ. ನೀರಲ್ಲಿ ನೆನೆಸಿ ಒಣಗಿಸದೆ ಹೊಲಿದರೆ ಮೊದಲ ಒಗೆತಕ್ಕೇ ಸೊಂಟದ ಬಳಿ ಎಳೆಯುತ್ತದೆ. ಖಣದ ಬಣ್ಣ ಬಿಡುತ್ತದೋ ಏನೋ, ಅದನ್ನೂ ಬೇರೆ ಬಕೆಟ್‌ನಲ್ಲಿ ನೋಡಿಕೊಳ್ಳಿ.

ಬಾಗೇವಾಡಿಯಿಂದ ಬಂದ ಒಬ್ಬ ತಾಯಿ ನನ್ನ ಮುಂದೆ ನೇರ ಲೆಕ್ಕ ಹಾಕಿದಳು: "ಒಂದ್ ದಿನಾ ಉಡೂದು, ಮುಂದ ಟ್ರಂಕಿನ್ಯಾಗ ಇಡೂದು. ಬಾಡಿಗಿ ತರೂದ ಛಲೋ." ಒಪ್ಪಿದೆ. ಭಾರೀ ಘಾಗ್ರಾ ಬಾಡಿಗೆಗೇ ಲೇಸು. ಸ್ವಂತಕ್ಕೆ ಹೊಲಿಸುವ ಕುಬಸಕ್ಕೆ ಮಾತ್ರ ಪಕ್ಕದ ಹೊಲಿಗೆಯೊಳಗೆ ಎರಡು ಇಂಚು ಮಾರ್ಜಿನ್ ಬಿಡಿಸಿ. ವರ್ಕ್ ಆ ಮಾರ್ಜಿನ್ ಮೇಲೆ ಹೋಗದಂತೆ ಮೊದಲೇ ಗುರುತು ಹಾಕಿಸಿ. ಇಲ್ಲವಾದರೆ ಬಾಣಂತನದ ನಂತರ ಸಡಿಲು ಮಾಡಲು ಜಾಗವೇ ಇರುವುದಿಲ್ಲ.

ಟ್ರಯಲ್‌ಗೆ ಬಂದಾಗ ಕನ್ನಡಿ ಮುಂದೆ ನಿಂತು ಹೋಗಬೇಡಿ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಎದ್ದು ನೋಡಿ, ಹಾರ ಹಾಕುವಂತೆ ಎರಡೂ ಕೈ ಎತ್ತಿ, ಹಿರಿಯರ ಕಾಲಿಗೆ ಬಗ್ಗಿ. ಎಲ್ಲಿ ಹಿಡಿಯುತ್ತದೆ ಎಂದು ಆಗಲೇ ಹೇಳಿ. ವರ್ಕಿನ ಕುಬಸ ಬಿಚ್ಚಿ ಹೊಲಿಯಲು ದಿನ ಬೇಕು. ದಯವಿಟ್ಟು ಅರಿಶಿಣದ ದಿನ ಓಡಿ ಬರಬೇಡಿ.